ಎರಡನೆಯ ಪಾಲು

ಕಾಪುವಿನ ಸಿಸಿಲಿಯಾ ಬಟ್ಟೆ ಹೊಲಿಯುತ್ತಿದ್ದಳು. ಮದುವೆಯಾಗಿರಲಿಲ್ಲ, ತಾಯಿ ಮೇಬಲ್ ಜೊತೆ ಇದ್ದಳು. ೧೯೭೯ರಲ್ಲಿ, ನಲವತ್ತಾರನೆಯ ವಯಸ್ಸಿಗೆ, ಅವಳ ಮೊಣಕಾಲುಗಳು ಹೊಲಿಗೆ ಯಂತ್ರದ ಪೆಡಲ್ ತುಳಿಯಲಾರದಷ್ಟು ಊದಿಕೊಂಡವು. ಬಸ್ಸು ಹಿಡಿದು ಮಣಿಪಾಲದ ಆಸ್ಪತ್ರೆಗೆ ಹೋದಳು. ತೂಕ ತೊಂಬತ್ತೊಂದು ಕಿಲೋ.

“ಅನ್ನ ಬಿಡಬೇಕಾಗಿಲ್ಲ,” ಎಂದರು ಡಾಕ್ಟರಮ್ಮ. “ಮಿಲ್ಲಿನ ಬಿಳಿ ಅಕ್ಕಿ ಬೇಡ. ತವುಡು ಇರುವ ಕೆಂಪು ಕುಚ್ಚಲಕ್ಕಿ ಒಂದೇ ಸೌಟು. ಹುರುಳಿ, ಬಸಳೆ, ಮೀನು ತಿನ್ನಿ. ಬೇಕರಿಯ ಬನ್ನು, ರಸ್ಕು, ಸಕ್ಕರೆ ಚಾ ನಿಲ್ಲಿಸಿ. ಈಗ ಮಧ್ಯಾಹ್ನ ಎಷ್ಟು ಊಟ ಮಾಡ್ತೀರಿ?”

“ಎರಡು ಪಾಲು.”

“ಎರಡನೆಯದು ಯಾರದ್ದು?” ಡಾಕ್ಟರಮ್ಮ ನಕ್ಕರು. ಸಿಸಿಲಿಯಾ ಔಷಧಿ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಅದು ತಂಗಿ ಆನಿಯದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಮನೆಮನೆಯಲ್ಲೂ ಹಸಿವಿತ್ತು. ಒಂದು ದಿನ ತಾಯಿ ಇಬ್ಬರು ಮಕ್ಕಳಿಗೂ ಗಂಜಿ ಇಟ್ಟು ಕೂಲಿಗೆ ಹೋಗಿದ್ದಳು. ಆರು ವರ್ಷದ ಆನಿ ಜ್ವರದಲ್ಲಿ ಮಲಗಿದ್ದಳು. ಹತ್ತು ವರ್ಷದ ಸಿಸಿಲಿಯಾ ತನ್ನ ಗಂಜಿ ಕುಡಿದಳು. ಆಮೇಲೆ ತಂಗಿಯದ್ದನ್ನೂ ಕುಡಿದಳು. ಸಂಜೆ ತಾಯಿ ಕೇಳಿದಾಗ “ಆನಿ ಕುಡಿದಳು” ಎಂದಳು. ಮೂರನೆಯ ದಿನ ಆನಿ ಸತ್ತುಹೋದಳು.

ಅದಾಗಿ ಒಂದು ವಾರಕ್ಕೆ, ಸಿಸಿಲಿಯಾ ಊಟ ಮುಗಿಸಿದ ಹೊತ್ತಿಗೆ, ಅಡುಗೆಮನೆಯಲ್ಲಿ ಯಾರೋ ಖಾಲಿ ಮಡಕೆಯ ತಳ ಕೆರೆಯುವ ಶಬ್ದ ಕೇಳಿಸಿತು. ಹೋಗಿ ನೋಡಿದರೆ ಯಾರೂ ಇರಲಿಲ್ಲ. ಮರುದಿನವೂ ಕೇಳಿಸಿತು. ಅಕ್ಕಿ ಸಿಗುವಂಥ ದಿನಗಳು ಬಂದ ಮೇಲೆ ಅವಳೊಂದು ಉಪಾಯ ಕಂಡುಕೊಂಡಳು: ಎರಡನೆಯ ಸಲ ಬಡಿಸಿಕೊಂಡು ತಿಂದರೆ ಶಬ್ದ ನಿಲ್ಲುತ್ತಿತ್ತು. ಹಾಗೆ ಮೂವತ್ತು ವರ್ಷ ತಿಂದಳು.

ಮಣಿಪಾಲದಿಂದ ಬಂದ ಮರುದಿನ ಕುಚ್ಚಲಕ್ಕಿ ಅನ್ನ ಒಂದು ಸೌಟು, ಬಸಳೆ ಪದಾರ್ಥ, ಒಂದು ಬಂಗುಡೆ ಮೀನು ಬಡಿಸಿಕೊಂಡಳು. ನಿಧಾನವಾಗಿ ಅಗಿದು ತಿಂದಳು. ಹೊಟ್ಟೆ ತುಂಬಿತ್ತು. ಕೈ ತೊಳೆಯಲು ಏಳುವಷ್ಟರಲ್ಲಿ ಒಳಗೆ ಕರ್ರ್, ಕರ್ರ್ ಎಂದು ಶುರುವಾಯಿತು. ಕುಂಟುತ್ತಾ ಹೋಗಿ ಹೊಲಿಗೆ ಯಂತ್ರದ ಮುಂದೆ ಕುಳಿತು ಕೈಯಿಂದಲೇ ಚಕ್ರ ತಿರುಗಿಸಿದಳು. ಚಕ್ರದ ಸದ್ದಿನ ನಡುವೆಯೂ ಅದು ಕೇಳಿಸುತ್ತಿತ್ತು.

ಹನ್ನೊಂದು ದಿನ ತಡೆದುಕೊಂಡಳು. ಹನ್ನೆರಡನೆಯ ದಿನ ಅವಳ ಕೈ ತಾನಾಗಿಯೇ ಸೌಟಿಗೆ ಹೋಯಿತು. ಎದುರಿಗೆ ಕುಳಿತಿದ್ದ ತಾಯಿ ಅವಳ ಮಣಿಕಟ್ಟು ಹಿಡಿದಳು.

“ಬೇಡ ಬಾಯೆ, ಬೇಡ ಮಗಳೇ. ಡಾಕ್ಟರು ಹೇಳಿದ್ದಾರಲ್ಲ.”

“ಮಾಂಯ್, ಆ ದಿನ ಆನಿ ಗಂಜಿ ಕುಡಿಯಲಿಲ್ಲ,” ಎಂದಳು ಸಿಸಿಲಿಯಾ. “ನಾನು ಕುಡಿದೆ.”

ತಾಯಿ ತಟ್ಟೆ ನೋಡುತ್ತಲೇ ಹೇಳಿದಳು: “ಗೊತ್ತುಂಟು. ಆನಿಯ ತುಟಿ ಒಣಗಿತ್ತು. ನಿನ್ನ ಗಲ್ಲದಲ್ಲಿ ಗಂಜಿ ಇತ್ತು. ಮರುದಿನ ಸೇರು ಅಕ್ಕಿ ಸಿಕ್ಕಿತು. ನಾನು ನಿನಗೇ ಹೆಚ್ಚು ಹಾಕಿದೆ. ಅವಳು ಬದುಕುವುದಿಲ್ಲ ಅಂತ ನನಗೆ ಕಂಡಿತು. ಒಬ್ಬಳಾದರೂ ಉಳಿಯಲಿ ಅಂತ.”

“ನನಗ್ಯಾಕೆ ಹೇಳಲಿಲ್ಲ?”

“ಎಂತ ಹೇಳುವುದು? ನೀನು ಎರಡು ಸಲ ಬಡಿಸಿಕೊಳ್ಳುವಾಗಲೆಲ್ಲ ನಾನು ನೋಡ್ತಾ ಇದ್ದೆ.”

ಅಡುಗೆಮನೆಯಲ್ಲಿ ಕೆರೆಯುವ ಶಬ್ದ ಶುರುವಾಯಿತು. ತಾಯಿ ತಲೆ ಎತ್ತಿ ಬಾಗಿಲಿನತ್ತ ನೋಡಿದಳು. ಸಿಸಿಲಿಯಾ ತಾಯಿಯ ಮುಖ ನೋಡಿದಳು.

“ನಿಮಗೂ ಕೇಳಿಸ್ತದಾ?”

“ಮೊದಲಿನಿಂದಲೂ,” ಎಂದಳು ತಾಯಿ.

ಇಬ್ಬರೂ ಏಳಲಿಲ್ಲ. ತಾಯಿ ಅವಳ ಮಣಿಕಟ್ಟು ಬಿಡಲಿಲ್ಲ. ಆ ದಿನ ಶಬ್ದ ತುಂಬ ಹೊತ್ತು ಇತ್ತು. ಆಮೇಲೆ ತಾನಾಗಿ ನಿಂತಿತು.

ಮುಂದಿನ ವರ್ಷ ಮಣಿಪಾಲದಲ್ಲಿ ತೂಕದ ಯಂತ್ರ ಎಪ್ಪತ್ತಮೂರು ತೋರಿಸಿತು. ಡಾಕ್ಟರಮ್ಮ ಬೆನ್ನು ತಟ್ಟಿದರು. ಸಿಸಿಲಿಯಾ ಮತ್ತೆ ಮದುವೆಯ ಬಟ್ಟೆಗಳನ್ನು ಹೊಲಿಯತೊಡಗಿದಳು. ೧೯೮೪ರಲ್ಲಿ ಮೇಬಲ್ ತೀರಿಕೊಂಡಳು. ಆಮೇಲೂ ಸಿಸಿಲಿಯಾ ಮಧ್ಯಾಹ್ನ ಒಂದೇ ಸೌಟು ಬಡಿಸಿಕೊಳ್ಳುತ್ತಿದ್ದಳು. ಒಳಗೆ ಈಗ ಇಬ್ಬರ ಕೈಗಳು ಮಡಕೆ ಕೆರೆಯುವಂತೆ ಕೇಳಿಸುತ್ತಿತ್ತು.