ಕಡಲಿನಿಂದ ಹುಟ್ಟಿದ ಸೂರ್ಯ

ಸ್ನೇಹಿತರೇ, ಇವತ್ತು ಅತ್ತೆಯ ಎದುರು ನನ್ನ ಎಂಜಿನಿಯರಿಂಗ್ ಪದವಿಯ ಮರ್ಯಾದೆ ಹೋಯಿತು.

ಕಟ್ಟಡದೊಳಗೆ ಎಲ್ಲಿ ಎಷ್ಟು ಸೆಖೆ, ಎಷ್ಟು ಕರೆಂಟ್ ಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೋರ್ಸ್ ಕಲಿಯುತ್ತಿದ್ದೇನೆ. ಅಭ್ಯಾಸಕ್ಕೆಂದು ಮಂಗಳೂರಿನ ಕಾವೂರಿನಲ್ಲಿರುವ ನಮ್ಮ ಫ್ಲ್ಯಾಟನ್ನೇ ಮಾಡೆಲ್ ಮಾಡಿದೆ. ಮಧ್ಯಾಹ್ನದ ಹೊತ್ತು ಮುಂದಿನ ಕೋಣೆಯೇ ತಂಪು ಎಂದಿತು ಕಂಪ್ಯೂಟರ್. ಏಳು ತಿಂಗಳ ಮಗಳ ತೊಟ್ಟಿಲನ್ನು ಕೂಡಲೇ ಅಲ್ಲಿಗೆ ಸಾಗಿಸಿದೆ. ಮೂರು ದಿನದಿಂದ ಅವಳೂ ಮಲಗಲಿಲ್ಲ, ನನ್ನನ್ನೂ ಬಿಡಲಿಲ್ಲ. ಹಲ್ಲು ಬರುತ್ತಿದೆಯೋ ಕಿವಿನೋವೋ ಎಂದು ಮೊಬೈಲಿನಲ್ಲಿ ಹುಡುಕಿ ಹುಡುಕಿ ಹೆದರಿದೆ.

ಇವತ್ತು ಮಧ್ಯಾಹ್ನ ಅತ್ತೆ ಆ ಕೋಣೆಯ ಗೋಡೆ ಮುಟ್ಟಿ ಕೈ ಹಿಂದೆಳೆದರು. "ಎಂತ ಮಾರಾಯ್ತಿ, ದೋಸೆ ಕಾವಲಿಯ ಹಾಗೆ ಉಂಟಲ್ಲ! ಮಗುವನ್ನು ಇಲ್ಲಿ ಮಲಗಿಸುದಾ?"

"ಇಲ್ಲಿಗೆ ಬೆಳಗ್ಗಿನ ಬಿಸಿಲು ಮಾತ್ರ ಅತ್ತೆ, ಕಂಪ್ಯೂಟರ್ ಹೇಳ್ತದೆ."

"ಹೌದಾ? ಕಡಲು ಯಾವ ಕಡೆ ಉಂಟು, ತೋರಿಸು."

ತೋರಿಸಿದೆ. ನನ್ನ ಬೆರಳು ಅದೇ ಗೋಡೆಯ ಕಡೆಗಿತ್ತು, ಪಶ್ಚಿಮಕ್ಕೆ.

ನಕ್ಷೆಯ ಮೇಲ್ಭಾಗವೇ ಉತ್ತರ ಎಂದುಕೊಂಡು ಮಾಡೆಲಿನಲ್ಲಿ ಇಡೀ ಫ್ಲ್ಯಾಟನ್ನು ಹಿಂದುಮುಂದಾಗಿ ಕೂರಿಸಿದ್ದೆ. ಮೂರು ದಿನ ನನ್ನ ಮಂಗಳೂರಿನಲ್ಲಿ ಸೂರ್ಯ ಕಡಲಿನಿಂದಲೇ ಹುಟ್ಟಿದ್ದ.

ತೊಟ್ಟಿಲು ಹಿಂದಿನ ಕೋಣೆಗೆ ಹೋಯಿತು. ಐದೇ ನಿಮಿಷದಲ್ಲಿ ಮಗಳಿಗೆ ನಿದ್ದೆ. ಪಕ್ಕದಲ್ಲಿ ಕುಳಿತು ಮಾಡೆಲ್ ಸರಿಪಡಿಸುತ್ತಿದ್ದೇನೆ. ಅತ್ತೆ ಫೋನಿನಲ್ಲಿ ನಾದಿನಿಗೆ ಹೇಳುತ್ತಿದ್ದಾರೆ: "ಮೆಲ್ಲ ಮಾತಾಡು, ನಿನ್ನ ಅತ್ತಿಗೆ ಮನೆ ತಿರುಗಿಸ್ತಾ ಇದ್ದಾಳೆ."