ಜಡೆ ಬಿಚ್ಚಿ ತೋರಿಸಿದ ಸಂಜೆ

ದುಬೈಯ ಕರಾಮದಲ್ಲಿ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಾವಿದ್ದೆವು. ನನ್ನ ಗೆಳತಿಯ ಮನೆಯವರು, ಸುಡಾನಿನವರು, ಮೂರನೆಯದರಲ್ಲಿ. ನಮ್ಮಿಬ್ಬರಿಗೂ ಒಂಬತ್ತು ವರ್ಷ. ಬೆಳಿಗ್ಗೆ ಕರೆದೊಯ್ಯಲು ಬರುವ ಬಸ್ಸುಗಳೆರಡೂ ಹಳದಿಯೇ. ನನ್ನದು ಇಂಡಿಯನ್ ಶಾಲೆಗೆ, ಅವಳದು ಅರಬಿ ಶಾಲೆಗೆ. ಅವಳು ನಮ್ಮ ಶಾಲೆಗೆ ಯಾಕೆ ಬರುವುದಿಲ್ಲ ಎಂದು ಒಮ್ಮೆ ಅಪ್ಪನನ್ನು ಕೇಳಿದ್ದೆ. "ಅವರವರ ಪಾಠ ಅವರವರಿಗೆ ಮಗಾ" ಎಂದರು, ಫೋನಿನಿಂದ ತಲೆಯೆತ್ತದೆ.

ನಾನು ಮಾತಾಡದ ಮಗು. ತರಗತಿಯಲ್ಲಿ ಹಾಜರಿ ಕರೆದಾಗಲೂ ಕೈ ಮಾತ್ರ ಎತ್ತುತ್ತಿದ್ದೆ. ಅವಳೊಡನೆ, ಸಂಜೆ ನಾಲ್ಕರಿಂದ ಐದರವರೆಗೆ, ಎರಡು ಮಹಡಿಗಳ ನಡುವಿನ ಮೆಟ್ಟಿಲಲ್ಲಿ ಮಾತ್ರ ನನಗೆ ಬಾಯಿ ಬರುತ್ತಿತ್ತು. ಮಾತೆಲ್ಲ ಇಂಗ್ಲಿಷಿನಲ್ಲಿ. ಅವಳ ತಲೆತುಂಬ ದಾರದಂಥ ಸಣ್ಣ ಜಡೆಗಳು. ಅವನ್ನು ಹೆಣೆಯಲು ಅವಳ ಅಮ್ಮನಿಗೆ ರಜೆಯ ಒಂದು ದಿನ ಪೂರ್ತಿ ಬೇಕಾಗುತ್ತಿತ್ತು. ನನಗೂ ಎರಡು ಹೆಣೆದು, "ನಿನ್ನ ಕೂದಲು ನಿಲ್ಲುವುದೇ ಇಲ್ಲ, ನೂಡಲ್ಸ್ ಹಾಗೆ ಜಾರುತ್ತದೆ" ಎಂದು ನಗುತ್ತಿದ್ದಳು.

ಆ ವರ್ಷ ನಮ್ಮ ತರಗತಿಯಲ್ಲಿ ಹೇನು ಹರಡಿತು. ಶಾಲೆಯ ನರ್ಸ್ ಎಲ್ಲರ ತಲೆ ನೋಡಿ, ನನ್ನನ್ನೂ ಇನ್ನು ನಾಲ್ವರನ್ನೂ ಹಿಂದಿನ ಬೆಂಚಿಗೆ ಕಳಿಸಿ, ಮನೆಗೆಂದು ಒಂದೊಂದು ಚೀಟಿ ಕೊಟ್ಟರು. ಅಮ್ಮನಿಗೆ ನಾನದನ್ನು ತೋರಿಸಲಿಲ್ಲ. ಮೆಟ್ಟಿಲಲ್ಲಿ ಅವಳಿಗೆ ತೋರಿಸಿದೆ. ಅವಳು ಓದಿ, ಒಂದು ಮೆಟ್ಟಿಲು ಮೇಲೆ ಸರಿದು ಕುಳಿತಳು. "ಯಾರಿಗೂ ಹೇಳುವುದಿಲ್ಲ. ಆದರೆ ವಾಸಿಯಾಗುವ ತನಕ ನಿನ್ನ ಜಡೆ ಮುಟ್ಟುವುದಿಲ್ಲ" ಎಂದಳು.

ನಾಲ್ಕು ದಿನ ಬಿಟ್ಟು, ತಲೆಗೆ ಎಣ್ಣೆ ಹಚ್ಚುತ್ತಿದ್ದ ಅಮ್ಮನ ಕೈ ನಿಂತಿತು.

"ಅಯ್ಯೋ ದೇವರೇ, ಎಂಥ ಇದು! ಎಲ್ಲಿಂದ ಹತ್ತಿಸಿಕೊಂಡು ಬಂದೆ?"

ಅಮ್ಮ ನನ್ನ ಉತ್ತರಕ್ಕೆ ಕಾಯಲಿಲ್ಲ.

"ಕೇಳುವುದೆಂಥದು. ಮೇಲಿನ ಆ ಕರಿ ಹುಡುಗಿಯದ್ದೇ. ತಿಂಗಳುಗಟ್ಟಲೆ ಬಿಚ್ಚದ ಜಡೆ, ಒಳಗೆ ಎಂಥೆಂಥದು ಉಂಟೋ!"

ಅಲ್ಲ ಎಂದರೆ ಸಾಕಿತ್ತು. ಆದರೆ ಹಾಗೆ ಹೇಳಿದರೆ ಚೀಟಿಯ ಸಂಗತಿ ಬರುತ್ತಿತ್ತು, ಹಿಂದಿನ ಬೆಂಚೂ ಬರುತ್ತಿತ್ತು. ಅನ್ನಲಿಲ್ಲ. ಇವತ್ತಿನ ತನಕ ಅಮ್ಮನಿಗೆ ಹೇಳಿಲ್ಲ.

ಅಮ್ಮ ಎಣ್ಣೆತಲೆಯಲ್ಲೇ ನನ್ನ ಕೈ ಹಿಡಿದು ಮೇಲೆ ಕರೆದೊಯ್ದರು. ಬಾಗಿಲು ತೆರೆದ ಅವಳ ಅಮ್ಮ ನಗುತ್ತ ಚಹಾಕ್ಕೆ ಕರೆದರು. ಅಮ್ಮ ಹಿಂದಿ, ಇಂಗ್ಲಿಷ್ ಬೆರೆಸಿ ಹೇಳಿದರು: "ನಿಮ್ಮ ಮಗಳಿಂದ ನಮ್ಮವಳಿಗೆ ಹೇನು ಬಂದಿದೆ. ಸ್ವಲ್ಪ ಕ್ಲೀನಾಗಿ ಇಡಬೇಕಲ್ಲವಾ?"

ಅವಳ ಅಮ್ಮ ನನ್ನತ್ತ ಬಾಗಿದರು. "ಹಬೀಬ್ತಿ, ಕಂದಾ, ನೀನೇ ಹೇಳು. ಇವಳ ತಲೆಯಲ್ಲಿ ಕಂಡೆಯಾ?"

ಅವಳು ತಾಯಿಯ ಹಿಂದೆ ನಿಂತಿದ್ದಳು. ಯಾರಿಗೂ ಹೇಳುವುದಿಲ್ಲ ಎಂದಿದ್ದಳು, ಹೇಳಲಿಲ್ಲ. ನನ್ನನ್ನೇ ನೋಡುತ್ತ ಕಾದಳು. ನಾನು ನನ್ನ ಚಪ್ಪಲಿ ನೋಡಿದೆ.

ಅವಳ ಅಮ್ಮ ಸ್ಟೂಲು ತಂದು ಬಾಗಿಲಲ್ಲೇ ಇಟ್ಟು ಅವಳನ್ನು ಕೂರಿಸಿದರು. ಒಂದು ಜಡೆ ಬಿಚ್ಚಿ, ಕೂದಲು ಬಿಡಿಸಿ, ಅವಳ ತಲೆಯನ್ನು ಕಾರಿಡಾರಿನ ಟ್ಯೂಬ್‌ಲೈಟಿನ ಕಡೆ ಬಾಗಿಸಿ "ನೋಡಿ" ಎಂದರು. ಇನ್ನೊಂದು. "ನೋಡಿ." ಎದುರುಮನೆಯವರು ಬಾಗಿಲು ತೆರೆದರು. ಅವಳು ಅಳಲಿಲ್ಲ. ಹತ್ತು ಹನ್ನೆರಡು ಬಿಚ್ಚಿದ ಮೇಲೆ ಅಮ್ಮ, "ಖಲಾಸ್, ಖಲಾಸ್, ಸಾಕು" ಎಂದರು. ಅವಳ ಅಮ್ಮ ನಿಲ್ಲಿಸಲಿಲ್ಲ. ನಾವು ಇಳಿಯುವಾಗಲೂ ಬಿಚ್ಚುತ್ತಲೇ ಇದ್ದರು.

ಮೆಟ್ಟಿಲಲ್ಲಿ ಅಮ್ಮ ಹೇಳಿದರು: "ಹೇನು ಇಲ್ಲದಿದ್ರೂ ದೂರ ಇರುವುದೇ ಒಳ್ಳೇದು ಮಗಾ."

ಮರುದಿನ ನಾಲ್ಕಕ್ಕೆ ನಾನು ಅದೇ ಜಾಗದಲ್ಲಿ ಕುಳಿತಿದ್ದೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಅವಳು ಬಂದಳು, ತಲೆಗೆ ಬಟ್ಟೆ ಬಿಗಿದಿತ್ತು. ಬಾಯಿ ತೆರೆದೆ, ದನಿ ಬರಲಿಲ್ಲ. ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬ್ಯಾಗು ನನಗೆ ತಾಗದಂತೆ ಎದೆಗೆ ಅವುಚಿಕೊಂಡು, ಗೋಡೆಯ ಬದಿಯಿಂದ ಹತ್ತುತ್ತ, ಗುರುತಿಲ್ಲದವರಿಗೆ ಹೇಳುವ ಹಾಗೆ "ಸಾರಿ" ಎಂದಳು.

ಮುಂದಿನ ವರ್ಷ ಅವರು ಶಾರ್ಜಾಕ್ಕೆ ಮನೆ ಬದಲಿಸಿದರು. ಅಲ್ಲಿಯವರೆಗೆ ಅವಳು ಲಿಫ್ಟಿನಲ್ಲೇ ಹೋಗುತ್ತಿದ್ದಳು. ಅದು ನಮ್ಮ ಮಹಡಿಯಲ್ಲಿ ನಿಲ್ಲದೆ ಮೇಲೆ ಹೋಗುವ ಸದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.