ಅವನು ಊರಿಗೆ ಯಾಕೆ ಹೋದ?

ಹೊಸ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದೆ. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಕೆಲಸ ಕಲಿಸಿದ ಮೇಡಂ ಬೋರ್ಡಿನ ಮುಂದೆ ನಿಂತ ಹಾಗಾಯಿತು...

ಆಕ್ಲೆಂಡಿನ ನಮ್ಮ ಆಫೀಸಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುತ್ತಾರೆ. ಮೈಸೂರಿನವಳಾದ ನನಗೆ ಮೇಡಂ ಅವರನ್ನು ಹಾಗೆ ಕರೆಯಲು ಕೊನೆಯವರೆಗೂ ನಾಲಿಗೆ ಹೊರಳಲಿಲ್ಲ. ಹುಬ್ಬಳ್ಳಿ ಕಡೆಯವರು, ವಕೀಲಿಕೆ ಮಾಡಿದವರು. ಸ್ವದೇಶದಲ್ಲಿ ಜೀವಕ್ಕೆ ಅಪಾಯವೆಂದು ಆಶ್ರಯ ಕೇಳಿ ಬಂದವರ ಅರ್ಜಿಗಳನ್ನು ತೀರ್ಮಾನಿಸುವುದು ನಮ್ಮ ಕೆಲಸ. ಊರಾಚೆಯ ಹೆಂಡರ್ಸನ್ ಬಡಾವಣೆಯಿಂದ ರೈಲಿನಲ್ಲಿ ಬಂದು, ಹಳೆಯ ತೀರ್ಪುಗಳನ್ನು ನಮ್ಮಿಂದ ಗಟ್ಟಿಯಾಗಿ ಓದಿಸಿ, ಯಾವ ಅಧಿಕಾರಿ ಎಲ್ಲಿ ಎಡವಿದನೆಂದು ತೋರಿಸುವುದು ಮೇಡಂ ಕೆಲಸ.

ನನ್ನ ಮೊದಲ ಕೇಸು ಒಬ್ಬ ದರ್ಜಿಯದು. ದೇಶ ಯಾವುದೆಂದು ಹೇಳುವಂತಿಲ್ಲ. ದೇಶ ಬಿಡುವ ಮುಂಚೆ, ಊರಿನಲ್ಲಿ ಕೊಲ್ಲಲು ಹುಡುಕುತ್ತಿದ್ದಾರೆಂದು ಬೇರೆಡೆ ತಲೆಮರೆಸಿಕೊಂಡಿದ್ದವನು, ಅಪ್ಪ ಸತ್ತಾಗ ಅದೇ ಊರಿಗೆ ಹೋಗಿ ಬಂದಿದ್ದ. ನನಗೆ ಅಲ್ಲೇ ಅನುಮಾನ. ನಿಜವಾಗಿ ಹೆದರಿದವನು ಹೋಗುತ್ತಾನೆಯೇ? ನಿಜವನ್ನು ಸುಳ್ಳೆಂದರೆ ಅವನನ್ನು ಸಾವಿನ ಬಾಯಿಗೆ ತಳ್ಳಿದಂತೆ, ಸುಳ್ಳನ್ನು ನಂಬಿಬಿಟ್ಟರೆ... ಮೇಲ್ಮನವಿಗೆ ಅವಕಾಶವಿದೆಯಲ್ಲ ಎಂಬ ಸಮಾಧಾನವೂ ನಿಲ್ಲುತ್ತಿರಲಿಲ್ಲ. ಕರಡಿನಲ್ಲಿ ‘ನಂಬಲರ್ಹವಲ್ಲ’ ಎಂದು ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು.

ಮೇಡಂ ಕರಡು ಓದಿ, ಒಂದು ಹಳೆಯ ತೀರ್ಪನ್ನು ನನ್ನ ಮುಂದಿಟ್ಟರು. ಅದರಲ್ಲೂ ಅಧಿಕಾರಿಯೊಬ್ಬ, ಹೀಗೆ ಯಾರೂ ಮಾಡುವುದಿಲ್ಲವೆಂದು ತಾನೇ ಊಹಿಸಿ ಅರ್ಜಿ ತಳ್ಳಿಹಾಕಿದ್ದ. ಊಹೆ ಸಾಕ್ಷಿಯಲ್ಲವೆಂದು ಮೇಲ್ಮನವಿಯಲ್ಲಿ ಮೇಲಿನವರು ಅದನ್ನು ರದ್ದು ಮಾಡಿದ್ದರು.

“ಅಂವಾ ಊರಿಗೆ ಯಾಕ ಹೋದಾ ಅಂತ ಕೇಳೀಯೇನು?”

“ಇಲ್ಲ ಮೇಡಂ. ಯಾರ್ ತಾನೆ ಹೋಗ್ತಾರೆ ಅಂದ್ಕೊಂಡೆ.”

“ನೀ ಹೋಗ್ತಿದ್ದಿಲ್ಲ. ಆದ್ರ ಕೇಸ್ ನಿಂದಲ್ಲ, ಅವಂದು. ಕರಸಿ ಕೇಳು.”

ಕರೆಸಿದೆ. ದುಭಾಷಿಯ ಮೂಲಕ ಅವನು ಹೇಳಿದ. ನೆರೆಯವರೆಲ್ಲ ಹೆದರಿ ಬಾಗಿಲು ಹಾಕಿಕೊಂಡಿದ್ದರು. ಹೆಣದ ಪಕ್ಕ ತಾಯಿಯೊಬ್ಬಳೇ. ಬೆಳಗಿನ ಜಾವ ಹೋಗಿ, ಅವಳ ಜೊತೆ ಸೇರಿ ಮಣ್ಣು ಮಾಡಿ, ಹೊಲದ ಹಾದಿಯಲ್ಲೇ ಓಡಿಬಂದಿದ್ದ. ಹೇಳಿ ಮುಗಿಸಿ ದುಭಾಷಿಯನ್ನಲ್ಲ, ನನ್ನನ್ನು ನೋಡಿದ.

“ಹೋಗದೇ ಇದ್ದಿದ್ದರೆ ನಂಬುತ್ತಿದ್ದಿರಾ?”

ನಾನು ತಲೆ ತಗ್ಗಿಸಿ ಬರೆದುಕೊಂಡೆ. ಉಳಿದ ಮಾತುಗಳನ್ನೂ ಆ ದೇಶದ ವರದಿಗಳೊಂದಿಗೆ ತಾಳೆ ನೋಡಿದೆ; ಹೊಂದುತ್ತಿದ್ದವು. ಅವನಿಗೆ ಆಶ್ರಯ ಸಿಕ್ಕಿತು.

ಹಿಗ್ಗಿನಿಂದ ಹೇಳಲು ಹೋದರೆ ಮೇಡಂ ನಗಲಿಲ್ಲ. “ಮುಂದಿನ ಕೇಸಿಗೆ ಇಲ್ಲ ಅಂತ ಬರೀಬೇಕಾಗಬಹುದು. ಅದಕ್ಕೂ ಹಿಂಗ ಕೇಳಿ ಬರಿ. ಈ ಹೆದರಿಕಿ ಹೋಗೂದಿಲ್ಲ ತಂಗಿ. ನಂದೂ ಹೋಗಿಲ್ಲ.”

ನಿವೃತ್ತರಾದ ಮೇಲೆ ಟೌರಂಗಾದ ಮಗಳ ಮನೆಗೆ ಹೋದರು. ಹೋದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡರು. ಸುದ್ದಿ ಬಂದಾಗ ನಾನು ಯಾರದೋ ಸಂದರ್ಶನದಲ್ಲಿದ್ದೆ. ಫೋನ್ ನೋಡಿದ್ದು ಆಮೇಲೆ.

ಈಗ ಹೊಸಬರಿಗೆ ಪಾಠ ಹೇಳುವುದು ನನ್ನ ಪಾಲಿಗೆ ಬಂದಿದೆ. ಇವತ್ತು ಒಬ್ಬಳು ಕೇಳಿದಳು, ನಾವು ಇಲ್ಲವೆಂದು ಕಳಿಸಿದವರಿಗೆ ಮುಂದೆ ಏನಾಯಿತೆಂದು ನಮಗೆ ತಿಳಿಯುತ್ತದಾ ಎಂದು. ಸಾಮಾನ್ಯವಾಗಿ ಇಲ್ಲ ಅಂದೆ. ಹಾಗಾದರೆ ಸರಿ ಮಾಡಿದೆವೆಂದು ಗೊತ್ತಾಗುವುದು ಹೇಗೆ ಎಂದಳು.

ಇದನ್ನು ಮೇಡಂ ಬಳಿ ನಾನು ಕೇಳಬಹುದಿತ್ತು, ಎಷ್ಟೋ ಸಲ... ಈಗ ಅವರಿಲ್ಲ. ಆ ಹುಡುಗಿ ಪೆನ್ನು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.